ಆರನೇ ರೂಮಿನ ‘ಯಾಕು’

...ಅಲ್ಲ ರಿಯಾ, ಇಂಕಾ ರಾಜ ಪುಸ್ತಕ ಬಿಸಾಡ್ದ ಅಂತ ಬರ್ದು ಮುಗಿಸ್ಬಿಟ್ಟೆಯಲ್ಲ, ಯಾಕೆ ಬಿಸಾಡ್ದ ಅಂತ ಬರೀಬೇಡ್ವಾ? ಏನು, "ಇಟ್ಸ್ ನಾಟ್ ಆನ್ ದ ವರ್ಕ್‌ಶೀಟ್, ಅಜ್ಜಿ" ಅಂತೀಯಾ? ಇರಲ್ಲ ಬಿಡು, ಯಾವ ವರ್ಕ್‌ಶೀಟಲ್ಲೂ ಇರಲ್ಲ. ಆ ಕಥೆ ನಂಗೂ ಸ್ಕೂಲಲ್ಲಿ ಯಾರೂ ಹೇಳ್ಕೊಡ್ಲಿಲ್ಲ, ಇಲ್ಲೇ ಪರ್ತ್‌ನಲ್ಲಿ ಜೂಂಡಲಪ್ ಹತ್ರ ಒಂದು ವೃದ್ಧರ ಮನೆಯಲ್ಲಿ ಕೆಲ್ಸಕ್ಕಿದ್ದಾಗ ಕಲ್ತಿದ್ದು. ಕೈ ಸುಟ್ಕೊಂಡು ಕಲ್ತಿದ್ದು. ಆ ರಟ್ಟಿನ ಲಾಮಾ ಪ್ರಾಣಿಗೆ ಅಂಟು ಆಮೇಲೆ ಹಚ್ಚು, ಕೂತ್ಕೋ.

ದುಬೈ ಬಿಟ್ಟು ಪರ್ತ್‌ಗೆ ಬಂದ ಹೊಸತು. ನೀನಿನ್ನೂ ತೊಟ್ಟಿಲಲ್ಲಿದ್ದೆ, ಅಲ್ಲಲ್ಲ, ಅಂಬೆಗಾಲಿಡ್ತಿದ್ದೆ. ನಿಮ್ಮಜ್ಜಂಗೆ ಬೆನ್ನು ಹೋಗಿತ್ತು, ನಂಗೆ ಎಂಟು ತಿಂಗ್ಳು ಕೆಲ್ಸ ಇಲ್ಲ. ಕೊನೆಗೂ ಒಂದು ಇಂಟರ್ವ್ಯೂಗೆ ಕರೆದ್ರು. ಮ್ಯಾನೇಜರಮ್ಮ ಕಾಗದದ ಮೇಲೆ ನನ್ನ ಹೆಸರು ನೋಡಿ, "ರೊಡ್ರಿಗಸ್! ಓ ಲವ್ಲಿ! ಯೂ ಸ್ಪೀಕ್ ಸ್ಪ್ಯಾನಿಶ್, ಡಾರ್ಲ್?" ಅಂದ್ಲು. ನಾನು ತಲೆ ಹೀಗೆ ಆಡಿಸ್ದೆ. ನಮ್ಮೋರು ಆಡಿಸ್ತಾರಲ್ಲ, ಕೇಳಿಸ್ತಾ ಇದೆ, ಮುಂದೆ ಹೇಳಿ ಅಂತ, ಹಾಗೆ. ಅವ್ಳು ನಾನು ಹೂಂ ಅಂದೆ ಅಂದ್ಕೊಂಡ್ಲು. "ಬ್ರಿಲಿಯಂಟ್! ಮಂಡೇ ಆರ್ವೋ, ಯೂ ಸ್ಟಾರ್ಟ್!" ಸೋಮವಾರ ಮಧ್ಯಾಹ್ನವೇ ಬಾ ಅಂತ. ಆಗ್ಲೇ ಬಾಯಿ ಬಿಡ್ಬೇಕಿತ್ತು. ಬಿಡ್ಲಿಲ್ಲ. ಹೊಟ್ಟೆಪಾಡು ನೋಡು, ಮಾನ ಮರ್ಯಾದೆ ಎಲ್ಲಾ ಮರೆಸ್ಬಿಡತ್ತೆ. ರೊಡ್ರಿಗಸ್ ಅನ್ನೋದು ಗೋವಾದಲ್ಲಿ ನಮ್ಮ ಹಿರಿಯರಿಗೆ ಪೋರ್ಚುಗೀಸರು ಅಂಟಿಸಿದ ಹೆಸರು ಮಾರಾಯ್ತಿ, ನಂಗೆಲ್ಲಿಂದ ಬರ್ಬೇಕು ಸ್ಪ್ಯಾನಿಶ್?

ಆರನೇ ರೂಮಲ್ಲಿ ಪೆರು ದೇಶದ ಒಬ್ರು ಮುದುಕಿ, ಮೆಂಡೋಜಾ ಅಂತ. ಅವ್ರಿಗೂ ಯಾರೋ ಅಂಟಿಸಿದ ಹೆಸರೇ. ಮರೆವಿನ ಕಾಯಿಲೆ, ಇಂಗ್ಲಿಷ್ ಪೂರ್ತಿ ಮರ್ತಿದ್ರು. ಅವ್ರ ಹತ್ರ ಮಾತಾಡೋಕೆ ಅಂತ್ಲೇ ನನ್ನ ಇಟ್ಕೊಂಡಿದ್ದು. ನಾನು ಕದ ಮುಚ್ಕೊಂಡು ಕನ್ನಡದಲ್ಲೇ ಮಾತಾಡ್ತಿದ್ದೆ, ಹೊರಗಿದ್ದೋರಿಗೆ ಎಲ್ಲಾ ಒಂದೇ. ನಗ್ತೀಯಾ? ನಗು ನಗು, ಆಗ ನಾನೂ ನಗ್ತಿದ್ದೆ. ಆ ಜನವರೀಲಿ, ಇಲ್ಲಿ ಆಗ್ಲೇ ಬೇಸಿಗೆ ಅಲ್ವಾ, ಸೆಕೆ ಅಂದ್ರೆ ಸೆಕೆ, ರೂಮಿನ ಏಸಿ ಬೇರೆ ಕೆಟ್ಟು ಕೂತಿತ್ತು. ಮುದುಕಿ ನನ್ನ ಕೈ ಗಟ್ಟಿಯಾಗಿ ಹಿಡ್ಕೊಂಡು "ಯಾಕು... ಯಾಕು..." ಅಂತಿದ್ರು. ನಂಗೇನು ಕೇಳಿಸ್ತು ಹೇಳು? ಯಾಕೆ, ಯಾಕೆ ಅಂತ! "ಯಾಕೋ ಗೊತ್ತಿಲ್ಲ ಅಮ್ಮಾ, ನಂದೂ ಹಣೆಬರಹ" ಅಂತ ಪಕ್ಕ ಕೂತು ಅತ್ತೆ, ನನ್ನ ಗೋಳೆಲ್ಲಾ ತೋಡ್ಕೊಂಡೆ. ಹಾಲು ಹಾಕಿದ ಟೀ ಕೊಟ್ಟೆ, ತಳ್ಳಿದ್ರು. ಮತ್ತೆ ಕೊಟ್ಟೆ, ಮತ್ತೆ ತಳ್ಳಿದ್ರು. ಚಾರ್ಟಲ್ಲಿ "ರೆಫ್ಯೂಸ್ಡ್" ಅಂತ ಬರ್ದೆ. ಬೇರೆ ಶಿಫ್ಟಿನೋರೂ ನಾನು ಬರ್ದಿದ್ದು ನೋಡಿ ಅದನ್ನೇ ಬರೆದ್ರು. ಮೂರು ದಿನ. ನಾಲ್ಕನೇ ದಿನ ಎಚ್ಚರ ತಪ್ಪಿ ಆಸ್ಪತ್ರೆ ಸೇರಿದ್ರು.

ಅಡಿಲೇಡಿಂದ ಮಗ ಓಡಿ ಬಂದ. "ಅಮ್ಮ ಏನಾದ್ರೂ ಹೇಳ್ತಿದ್ರಾ?" ಅಂತ ಕೇಳ್ದ. "ಯಾಕು ಯಾಕು ಅಂತಿದ್ರು" ಅಂದೆ. ಅವನು ಹೇಳ್ದ: "ಯಾಕು ಅಂದ್ರೆ ನೀರು. ಅದು ಸ್ಪ್ಯಾನಿಶ್ ಅಲ್ಲ. ಸ್ಪೇನಿನೋರು ಬರೋಕೆ ಮುಂಚಿನ ನಮ್ಮ ಭಾಷೆ, ಇಂಕಾಗಳ ಭಾಷೆ. ಅದನ್ನಾಡಿದ್ರೆ ಸ್ಕೂಲಲ್ಲಿ ಅಮ್ಮಂಗೆ ಬಾರಿಸ್ತಿದ್ರು." ತಡೆಯೋಕಾಗ್ಲಿಲ್ಲ, ನಂಗೆ ಆ ಸ್ಪ್ಯಾನಿಶೂ ಬರಲ್ಲ ಅಂತ ಒಪ್ಕೊಂಡ್ಬಿಟ್ಟೆ. ಅವನು ಬೈಲಿಲ್ಲ. ಬೈದಿದ್ರೆ ಎಷ್ಟೋ ಚೆನ್ನಾಗಿತ್ತು. ಕೂತ್ಕೊಂಡು ನಿನ್ನ ಈ ಕಥೆ ಹೇಳ್ದ: ಸ್ಪೇನಿನ ಪಾದ್ರಿ ಇಂಕಾ ರಾಜನ ಮುಂದೆ ಪುಸ್ತಕ ಹಿಡಿದು, ದೇವರ ಮಾತು ಇದರಲ್ಲಿದೆ ಅಂದನಂತೆ. ನಡುವೆ ನಿಂತ ದುಭಾಷಿಗೆ ಈ ಕಡೆ ಮಾತೂ ನೆಟ್ಟಗೆ ಬರಲ್ಲ, ಆ ಕಡೇದೂ ಬರಲ್ಲ, ಬಾಯಿಗೆ ಬಂದಿದ್ದು ಹೇಳ್ದ. ರಾಜ ಪುಸ್ತಕ ಇಸ್ಕೊಂಡು ಕಿವಿಗಿಟ್ಟು ನೋಡ್ದ, ಉಸಿರೇ ಇಲ್ಲ, ಬಿಸಾಡ್ದ. "ರಾಜ ನಿರಾಕರಿಸಿದ ಅಂತ ಬರ್ಕೊಂಡ್ರು, ಅವನ ಜನರನ್ನ ಅಲ್ಲೇ ಕಡಿದು ಹಾಕಿದ್ರು" ಅಂದ. ಆ ದುಭಾಷಿ ನಾನೇ ಅಲ್ವೇನೇ?

ಮುದುಕಿ ಆಸ್ಪತ್ರೆಯಿಂದ ವಾಪಸ್ ಬರ್ಲಿಲ್ಲ. ಮ್ಯಾನೇಜರಮ್ಮ ಚಾರ್ಟ್ ತಿರುವಿ ಹಾಕಿ, "ನಾಟ್ ಯುವರ್ ಫಾಲ್ಟ್, ಡಾರ್ಲ್. ಶೀ ರೆಫ್ಯೂಸ್ಡ್" ಅಂದ್ಲು. ನಾನು ಮತ್ತೆ ತಲೆ ಆಡಿಸ್ದೆ. ಆರು ವರ್ಷ ಅಲ್ಲೇ ದುಡಿದೆ, ಥೂ ನನ್ನ ಜನ್ಮಕ್ಕೆ! ಉಡುಪಿ ಕಡೆ ನಮ್ಮನೇಲಿ ಯಾರೇ ಬರ್ಲಿ, ಮೊದ್ಲು ಬೆಲ್ಲ ನೀರು ಇಡ್ತಿದ್ವಿ, ಬಂದ ವಿಷ್ಯ ಏನು ಅಂತ ಆಮೇಲೆ ಕೇಳ್ತಿದ್ವಿ. ಹಾಗೆ ಬೆಳೆದೋಳು ನಾನು. ಆ ರೂಮಲ್ಲಿ ನನ್ನ ಮೊಣಕೈ ಹತ್ರಾನೇ ನೀರಿನ ಜಗ್ ಇತ್ತು ಕಣೇ. ಅವ್ರಿಗೆ ಎಟುಕ್ತಿರ್ಲಿಲ್ಲ ಅಷ್ಟೆ. ನಿನ್ನ ವರ್ಕ್‌ಶೀಟಲ್ಲಿ ಏನು ಬೇಕಾದ್ರೂ ಬರ್ಕೋ, ಇದೊಂದು ಮರೀಬೇಡ: ಮೊದ್ಲು ನೀರು ಕೊಡು, ಯಾಕೆ ಅಂತ ಆಮೇಲೆ ಕೇಳು.