ಓಕೆ ಅನ್ನದೆ ಬಿಟ್ಟ ಶಾಟ್

ಬಾವಿ ದಾಟಿ ಬಂದಾಗಿತ್ತು. ಹಾಗೆಂದೇ ಮೂವರೂ ತಿಳಿದಿದ್ದರು.

ಮುಂದೆ ವಿಡಿಯೋ ತೆಗೆಯುವ ಜಹೀರ್, ಹೆಗಲ ಮೇಲೆ ಟ್ರೈಪಾಡ್. ನಡುವೆ ಮದುಮಗಳು ನೀಲಾ. ಹಿಂದೆ ಮದುಮಗ ಈರೇಶ, ಕೈಯಲ್ಲಿ ಮೊಬೈಲಿನ ಟಾರ್ಚು. ಹೊತ್ತು ಮುಳುಗಿ ಕತ್ತಲಾಗಿತ್ತು. ಯರಗುಪ್ಪಿಯ ಎರಿ ಹೊಲ, ಅಂಟುವ ಕರಿ ಮಣ್ಣು. ಅದರ ಮೇಲೆ ಎರಡು ದಿನದ ಅಕಾಲದ ಅಡ್ಡ ಮಳೆ. ಕಾಲಿಟ್ಟಲ್ಲೆಲ್ಲ ಮಣ್ಣು ಚಪ್ಪಲಿಯನ್ನು ಹಿಡಿಯುತ್ತಿತ್ತು. ಪಚಕ್… ಪಚಕ್… ಪಚಕ್. ಆ ಸಪ್ಪಳ ಬಿಟ್ಟರೆ ಬೇರೆ ಇಲ್ಲ. ಅಂಥ ಮಳೆ ಬಿದ್ದ ಹೊಲದಲ್ಲಿ ಒಂದು ಕಪ್ಪೆ ಕೂಡ ಒದರುತ್ತಿರಲಿಲ್ಲ.

ಆಗ ಕೇಳಿತು.

"ಇನ್ನೊಂದ್ ಸಲ್ರಿ…"

ನೀಲಾ ನಿಂತಳು. "ಮತ್ಯಾಕ ಜಹೀರಣ್ಣಾ? ಬೆಳಕ ಇಲ್ಲಲ್ಲ."

ಜಹೀರ್ ತಿರುಗಿದ. "ಏನಂದ್ರಿ ವೈನಿ?"

ಅವನು ಮುಂದೆ ಇದ್ದ. ದನಿ ಬಂದದ್ದು ಹಿಂದಿನಿಂದ.

ನೀಲಾ ನಮ್ಮ ಕಾಕಾನ ಮಗಳು. ಅಣ್ಣಿಗೇರಿಯಲ್ಲಿ ಬೆಳೆದವಳು, ಬಿ.ಎಡ್. ಮಾಡಿದವಳು. ಇಲ್ಲದ್ದನ್ನು ಇದೆ ಅನ್ನುವ ಪೈಕಿ ಅಲ್ಲ. ಅವಳು ಹೇಳಿದ್ದನ್ನು ಹೇಳಿದ ಕ್ರಮದಲ್ಲೇ ಹೇಳುತ್ತಿದ್ದೇನೆ. ಸೇರಿಸಿದ್ದು ಏನೂ ಇಲ್ಲ.

ಮದುವೆ ಈರೇಶನ ಊರಾದ ಯರಗುಪ್ಪಿಯಲ್ಲಿ. ನಮ್ಮವರೆಲ್ಲ ಎರಡು ದಿನ ಮೊದಲೇ ಹೋಗಿ ಇಳಿದಿದ್ದರು. ಮದುವೆಗೆ ಮುಂಚಿನ ವಿಡಿಯೋ ಅಂತ ಈಗೊಂದು ಬಂದಿದೆಯಲ್ಲ, ಅದನ್ನು ಬಂದ ದಿನವೇ ತೆಗೆಯಬೇಕಾಗಿತ್ತು. ಮಳೆ ಬಿಡಲಿಲ್ಲ. ಮಳೆ ಬಿಟ್ಟದ್ದು ಮದುವೆಯ ಹಿಂದಿನ ದಿನ. ಅಷ್ಟರಲ್ಲಿ ಮುಂಜಾನೆಯೇ ಇಬ್ಬರಿಗೂ ಅರಿಷಿಣ ಹಚ್ಚಿ, ಸುರಗಿ ಶಾಸ್ತ್ರದ ನೀರು ಹಾಕಿ ಆಗಿತ್ತು.

ಅರಿಷಿಣ ಮೈಯಲ್ಲಿದ್ದಾಗ ಮದುಮಕ್ಕಳು ಊರ ಬಾಗಿಲಾದ ಅಗಸಿ ದಾಟಬಾರದು. ಇದು ನಮ್ಮ ಕಡೆ ಎಲ್ಲರಿಗೂ ಗೊತ್ತು. ದಾಟಲೇಬೇಕೆಂದರೆ ಕೈಯಲ್ಲಿ ಕಬ್ಬಿಣ ಇರಬೇಕು. ಅದಕ್ಕೇ ಮದುಮಗನ ಕೈಗೆ ಲಿಂಬಿಹಣ್ಣು ಚುಚ್ಚಿದ ಚೂರಿ ಕೊಡುವುದು. ನೀಲಾಳಿಗೂ ಗೊತ್ತಿತ್ತು. ಆದರೆ ಅವಳ ಗೆಳತಿಯರ ಮದುವೆಯಲ್ಲೆಲ್ಲ ಆ ವಿಡಿಯೋ ದೊಡ್ಡ ಪರದೆಯ ಮೇಲೆ ಓಡಿತ್ತು. ತನ್ನ ಮದುವೆಯಲ್ಲಿ ಬರೇ ಪರದೆ ಇರುವುದೇ? ಹಟ ಹಿಡಿದಳು.

ಊಟದ ಹೊತ್ತು ಕಳೆದ ಮೇಲೆ ಮೂವರೂ ಹಿತ್ತಲ ಬಾಗಿಲಿಂದ ಹೊರಬಿದ್ದರು. ಅಲ್ಲಿ ಈರೇಶನ ಆಯಿ, ಅವನ ಅಜ್ಜಿ ಕಸ್ತೂರೆವ್ವ, ಎಲೆ ಅಡಕಿ ಹಾಕಿಕೊಂಡು ಕೂತಿದ್ದಳು.

"ಎಲ್ಲಿಗೆ ಹೊಂಟೀರಿ?"

"ಇಲ್ಲೇ ಹೊಲಕ್ಕ ಆಯಿ, ವಿಡಿಯೋ ತಗಸಾಕ," ಅಂದ ಈರೇಶ.

"ಮೈಯಾಗ ಅರಿಷಿಣ ಐತಿ. ಲಗ್ನಾ ಮುಗದ ಮ್ಯಾಲೆ ತಗಸ್ರಿ."

"ಲಗ್ನಾ ಮುಗದ ಮ್ಯಾಲೆ ಲಗ್ನದ ಮುಂಚಿಂದು ಹೆಂಗ ತಗಸೂದ ಆಯಿ?"

"ನಿನ್ನ ಬಾಯಿಗೆ ನಾ ಹತ್ತಂಗಿಲ್ಲ. ಚೂರಿ ಕೈ ಬಿಡಬ್ಯಾಡ. ಕತ್ತಲಾಗೂದ್ರಾಗ ಬರ್ರಿ."

ಟಾರು ರಸ್ತೆಯ ದಂಡೆಯಲ್ಲಿ ಬೈಕು ನಿಲ್ಲಿಸಿದರು. ಹಸಿ ಎರಿಯೊಳಗೆ ಗಾಲಿ ತಿರುಗುವುದಿಲ್ಲ. ಅಲ್ಲಿ ನೀಲಾಳೇ ಅಂದಳು. "ರೀ, ಅದನ್ನ ಇಲ್ಲೇ ಇಡ್ರಿ. ಚೂರಿ ಹಿಡಕೊಂಡ ನನ್ನ ಬೆನ್ನ ಹತ್ತಿದ್ರ ನೋಡಿದವ್ರು ಲವ್ ಸೀನ್ ಅನ್ನಂಗಿಲ್ಲ, ಖೂನಿ ಸೀನ್ ಅಂತಾರ."

ಜಹೀರ್ ನಕ್ಕ. ಈರೇಶನ ಜೊತೆ ಸಾಲಿ ಕಲಿತವನು, ನೀಲಾಳನ್ನು ಆಗಲೇ ವೈನಿ, ಅಂದರೆ ಅತ್ತಿಗೆ, ಅನ್ನುವಷ್ಟು ಮಾತಿನಲ್ಲಿ ಸಲಿಗೆ ಇತ್ತು. "ಖರೇ ಐತಿ ವೈನಿ. ಈ ಮಗನ ಮಾರಿಗೆ ಚೂರಿ ಬ್ಯಾರೆ ಕೊಟ್ರ ಪೊಲೀಸ್ರು ಬರ್ತಾರ."

"ನಿನ್ನ ಲಗ್ನದಾಗ ನಾ ಕ್ಯಾಮೆರಾ ಹಿಡೀತೇನಿ ತಡೀಲೇ, ಬರೇ ಹೊಟ್ಟಿ ತಗೀತೇನಿ," ಅಂದ ಈರೇಶ. ಚೂರಿ ಬೈಕಿನ ಡಿಕ್ಕಿಗೆ ಹೋಯಿತು.

ಬಾವಿ ಆರಿಸಿದವನು ಜಹೀರ್. ಭರಮಪ್ಪ ಅನ್ನುವವರ ಹೊಲದ ಹಳೆಯ ಬಾವಿ. ಕರಿಕಲ್ಲಿನ ಅಗಲ ಕಟ್ಟೆ, ಒಳಗೆ ಮೆಟ್ಟಿಲು, ನಾಲ್ಕೂ ಕಡೆ ಬಯಲು. ಸಂಜೆಯ ಬಿಸಿಲು ಕಲ್ಲಿನ ಮೇಲೆ ಬಿದ್ದರೆ ಬಂಗಾರದ ನೀರು ಕುಡಿಸಿದ ಹಾಗೆ ಕಾಣುತ್ತದೆ.

ಜಹೀರನ ಕೆಲಸದ ಪದ್ಧತಿ ಒಂದೇ. ನಡೆಯಿರಿ ಅನ್ನುತ್ತಾನೆ. ನಡೆದ ಮೇಲೆ "ಇನ್ನೊಂದ್ ಸಲ್ರಿ" ಅನ್ನುತ್ತಾನೆ. ಮನಸ್ಸಿಗೆ ಬರುವ ತನಕ ಅದೇ ಮಾತು. ಬಂದಾಗ "ಓಕೆ". ಓಕೆ ಅಂದ ಮೇಲೆಯೇ ನಿಂತ ಜಾಗ ಬಿಡಬೇಕು. ಕೊನೆಯ ಶಾಟು ನೀಲಾಳೊಬ್ಬಳದು. ಕಟ್ಟೆಯ ಮೇಲೆ ನಡೆದು ಬರಬೇಕು, ತಲೆ ಎತ್ತಬೇಕು, ನಗಬೇಕು. ಎಷ್ಟು ಸಲ ನಡೆಸಿದನೋ. ಒಮ್ಮೆ ಸೆರಗು ಹಾರಿತು ಅಂದ. ಒಮ್ಮೆ ನಗು ಸಾಲದು ಅಂದ. ಕಡೆಯ ಸಲ ನಡೆಯುವಾಗ ನೀಲಾಳ ಕಿವಿಗೆ ತನ್ನ ಚಪ್ಪಲಿಯ ಟಪ್ ಟಪ್ ಜೊತೆ ಇನ್ನೊಂದು ಸಪ್ಪಳ ಬಿತ್ತು. ಚಪ್… ಚಪ್… ಒದ್ದೆ ಬರಿಗಾಲು ಕಲ್ಲಿನ ಮೇಲೆ. ಬಾವಿಯ ಪ್ರತಿಧ್ವನಿ ಇರಬೇಕು ಅಂದುಕೊಂಡಳು. ಅಷ್ಟರಲ್ಲಿ ಮೋಡ ಮುಚ್ಚಿ ಬೆಳಕು ಹೋಯಿತು. ಜಹೀರ್ ಏನೂ ಅನ್ನದೆ ಕ್ಯಾಮೆರಾ ಬಂದ್ ಮಾಡಿ ಚೀಲಕ್ಕೆ ಹಾಕಿದ.

ಹಾಗೆ ಹೊರಟವರಿಗೆ ಹಿಂದಿನಿಂದ ಆ ದನಿ ಕೇಳಿದ್ದು.

"ಯಾರೂ ಇಲ್ಲ. ನಡೀ," ಅಂದ ಈರೇಶ.

ನಡೆದರು. ಊರ ಕಡೆಯಿಂದ ಮದುವೆ ಹಂದರದ ಡಿಜೆ ಧಬ್ ಧಬ್ ಅನ್ನತೊಡಗಿತು. ಆ ಸದ್ದನ್ನೇ ಹಿಡಿದು ನಡೆದರು. ಸದ್ದು ಎಡಕ್ಕೆ ಹೋಯಿತು. ಎಡಕ್ಕೆ ತಿರುಗಿದರು. ಬಲಕ್ಕೆ ಹೋಯಿತು. ಆಮೇಲೆ ಟಾರ್ಚಿನ ಬೆಳಕು ಏನೋ ಕರ್ರಗಿದ್ದುದಕ್ಕೆ ತಾಗಿತು…

ಕರಿಕಲ್ಲಿನ ಕಟ್ಟೆ. ಮುಂದೆ.

ಬೆನ್ನು ತಿರುಗಿಸಿ, ಹೊಲದ ಬದು ಹಿಡಿದು ನಡೆದರು. ಬದು ನೆಟ್ಟಗೆ ರಸ್ತೆಗೆ ಹೋಗುತ್ತದೆ. ಈರೇಶ ಹುಟ್ಟಿದಾಗಿನಿಂದ ನಡೆದ ದಾರಿ.

ಮತ್ತೆ ಕಟ್ಟೆ.

ಈರೇಶ ಮನೆಗೆ ಫೋನು ಹಚ್ಚಿದ. ರಿಂಗಾಯಿತು. ಆಗುತ್ತಲೇ ಇತ್ತು. ಆ ಡಿಜೆಯಲ್ಲಿ ಯಾರಿಗೆ ಕೇಳಬೇಕು?

"ನೀವಿಬ್ರೂ ಇಲ್ಲೇ ನಿಂದರ್ರಿ," ಪಿಸುಗುಟ್ಟಿದ. "ಓಡಿ ಹೋಗಿ ಚೂರಿ ತರ್ತೇನಿ."

"ಬಿಟ್ಟ ಹೋಗಬ್ಯಾಡ್ರಿ…"

ಹೋದ. ಪಚಕ್ ಪಚಕ್ ದೂರವಾಯಿತು. ನಿಂತಿತು. ಆಮೇಲೆ ಅದೇ ಪಚಕ್ ಪಚಕ್ ಅವರ ಬೆನ್ನ ಹಿಂದೆ ಕೇಳಿತು, ಹತ್ತಿರ, ಇನ್ನೂ ಹತ್ತಿರ. ನೀಲಾ ಜಹೀರನ ತೋಳು ಹಿಡಿದಳು. ಕತ್ತಲಿನಿಂದ ಏದುಸಿರು ಬಿಡುತ್ತ ಬಂದವನು ಈರೇಶನೇ. ಅವರನ್ನು ಕಂಡು ಅಲ್ಲೇ ಕುಸಿದ. "ನಾ ತಿರುಗಿಲ್ಲ… ನೆಟ್ಟಗ ಓಡೇನಿ ನೀಲಾ, ದೇವರಾಣಿ ತಿರುಗಿಲ್ಲ."

"ಇನ್ನೊಂದ್ ಸಲ್ರಿ…"

ಈ ಸಲ ಮೂವರಿಗೂ ಕೇಳಿತು. ಮಾತು ಜಹೀರನದು, ಅವನು ಎಳೆಯುವಂತೆಯೇ ಎಳೆದ ಮಾತು. ಆದರೆ ಕೊನೆಗೆ ಬಿಟ್ಟ ಉಸಿರು ಹೆಂಗಸಿನದು.

ನೀಲಾ ಕಾಲೆತ್ತಲು ನೋಡಿದಳು. ಬರಲಿಲ್ಲ. ಎರಿ ಮಣ್ಣು ಹಿಡಿದಿರಬೇಕು ಅಂದೀರಿ. ಎರಿ ಮಣ್ಣು ಕೆಳಕ್ಕೆ ಹಿಡಿಯುತ್ತದೆ, ಅದು ಅವಳಿಗೂ ಗೊತ್ತು. ಇದು ಹಿಂದಕ್ಕೆ ಎಳೆಯುತ್ತಿತ್ತು. ಕಟ್ಟೆಯ ಕಡೆಗೆ, ಒಂದೊಂದೇ ಬೆರಳಿನಷ್ಟು. ಈರೇಶ ರಟ್ಟೆ ಹಿಡಿದು ಜಗ್ಗಿದ. ರಟ್ಟೆ ನೊಂದಿತು, ಕಾಲು ಬರಲಿಲ್ಲ. ನಾಳೆ ಮುಂಜಾನೆ ಅಕ್ಕಿಕಾಳು ಬೀಳುವ ಮುಹೂರ್ತ. ಹಂದರದ ತುಂಬ ಬೀಗರು, ಕೈಯಲ್ಲಿ ಅಕ್ಕಿ ಹಿಡಿದು ನಿಂತಿರುತ್ತಾರೆ, ತಾನು ಮಾತ್ರ ಅಲ್ಲಿ ಇರುವುದಿಲ್ಲ… ಅದು ಅವಳಿಗೆ ಕಣ್ಣಿಗೆ ಕಟ್ಟಿತು.

"ಜಹೀರಣ್ಣಾ… ಕಡೀ ಶಾಟ್‌ಗೆ ಓಕೆ ಅಂದಿದ್ರೇನು?"

"ಇಲ್ರಿ. ಬೆಳಕ ಹೋತಲ್ಲ."

"ಈಗ ಅನ್ರಿ."

"ಓಕೆ," ಅಂದ ಜಹೀರ್.

ಕಾಲು ಬಿಡಲಿಲ್ಲ. ಇನ್ನೊಂದು ಬೆರಳಿನಷ್ಟು ಹಿಂದಕ್ಕೆ ಹೋಯಿತು. ಆಗ ನೀಲಾಳಿಗೆ ಹೊಳೆಯಿತು. ಹೇಗೆ ಹೊಳೆಯಿತು ಎಂದು ಕೇಳಿದರೆ ಇವತ್ತಿಗೂ ಹೇಳಲು ಬರುವುದಿಲ್ಲ ಅವಳಿಗೆ.

"ಅದು ನನ್ನ ಶಾಟ್ ಅಲ್ಲ. ಆಕೀದು ತಗೀರಿ."

"ಯಾರದು ವೈನಿ?"

"ನನ್ನ ಹಿಂದ ನಡದಾಕೀದು."

ಜಹೀರ್ ಟ್ರೈಪಾಡ್ ಇಳಿಸಿದ. ಕಾಲಿನ ಕ್ಲಿಪ್ಪುಗಳು ಠಕ್… ಠಕ್… ಠಕ್. ಕ್ಯಾಮೆರಾ ಕೂಡಿಸಿ ಚಾಲು ಮಾಡಿದ. ಸಣ್ಣಗೆ ಪೀಂ ಅಂತು. ಪರದೆಯಲ್ಲಿ ಬರೇ ಕತ್ತಲೆ, ಇರುವೆ ಹರಿದಾಡಿದಂತೆ.

"ಯಾರೂ ಇಲ್ರಿ."

"ಮಾತಾಡಸ್ರಿ. ನನಗ ಹೆಂಗ ಹೇಳಿದ್ರಿ ಹಂಗ ಹೇಳ್ರಿ."

ಜಹೀರ್ ಪರದೆಗೆ ಕಣ್ಣು ಹಚ್ಚಿದ.

"ಅಕ್ಕಾರ… ಕಟ್ಟಿ ಮ್ಯಾಲೆ ನಿಂದರ್ರಿ."

ಈಗಿನ ಕ್ಯಾಮೆರಾಗಳು ಮುಖ ಕಂಡರೆ ತಾವೇ ಅದರ ಸುತ್ತ ಸಣ್ಣದೊಂದು ಹಳದಿ ಚೌಕ ಹಾಕುತ್ತವೆ. ನಮ್ಮ ಮೊಬೈಲಿನಲ್ಲೂ ಹಾಗೆಯೇ. ಆ ಚೌಕ ಬಂತು. ಕತ್ತಲೆಯ ಮೇಲೆ, ಕಟ್ಟೆಯ ತುದಿಗೆ, ಕುಳ್ಳಗಿನ ಹೆಂಗಸು ನಿಂತರೆ ತಲೆ ಬರುವಲ್ಲಿ.

ನೀಲಾ ಕಣ್ಣೆತ್ತಿ ಕಟ್ಟೆ ನೋಡಿದಳು. ಏನೂ ಇರಲಿಲ್ಲ. ಪರದೆ ನೋಡಿದಳು. ಇತ್ತು.

"ತಲಿ ಸ್ವಲ್ಪ ಎತ್ತರಿ ಅಕ್ಕಾರ."

ಚೌಕ ಒಂದಿಷ್ಟು ಮೇಲೆ ಬಂತು.

"ನಗ್ರಿ…"

ಚೌಕ ಬಹಳ ಹೊತ್ತು ಹಾಗೇ ಇತ್ತು. ಟ್ರೈಪಾಡ್ ಹಸಿ ಮಣ್ಣಿನಲ್ಲಿ ವಾಲತೊಡಗಿತು. ಈರೇಶ ಬಗ್ಗಿ ಅದರ ಕಾಲು ಹಿಡಿದ.

"ಈಗ… ನಡಕೋತ ಬರ್ರಿ. ಸಾವಕಾಶ."

ಚಪ್… ಚಪ್… ಕಲ್ಲಿನ ಮೇಲೆ. ಗಾಜಿನ ಬಳೆ ಒಂದಕ್ಕೊಂದು ತಾಗಿ ಕಿಣ್… ಕಿಣ್… ಸಪ್ಪಳ ಕಲ್ಲಿಂದ ಇಳಿಯಿತು. ಪಚಕ್… ಚೌಕ ದೊಡ್ಡದಾಯಿತು. ಪಚಕ್… ಇನ್ನೂ ದೊಡ್ಡದು. ಅರಿಷಿಣದ ವಾಸನೆ ಬಂತು. ನೀಲಾಳ ಮೈಯದು ಅಲ್ಲ. ಅವಳ ಮೈ ಮೇಲಿನದು ಒಣಗಿ ಉದುರಿತ್ತು. ಇದು ಆಗಷ್ಟೇ ಕಲ್ಲಿನ ಮೇಲೆ ತೇದ ಹಸಿ ಅರಿಷಿಣ. ಚೌಕ ಪರದೆಯ ನಾಲ್ಕೂ ಅಂಚಿಗೆ ತಾಗಿ ನಿಂತಿತು. ನೀಲಾಳ ಕೆನ್ನೆಗೆ ತಣ್ಣಗೆ ಉಸಿರು ಬಡಿಯಿತು.

"ಚಂದ ಬಂತಂತ ಹೇಳ್ರಿ," ತುಟಿ ಅಲುಗಿಸದೆ ಅಂದಳು.

"ಭಾಳ ಚಂದ ಬಂತ್ರಿ ಅಕ್ಕಾರ…" ಜಹೀರನ ಕಣ್ಣಿನಿಂದ ನೀರು ಇಳಿಯುತ್ತಿತ್ತು. "ಅಗದಿ ಚಂದ ಬಂತು. ಓಕೆ."

ಚೌಕ ಹೋಯಿತು.

ಹೊಲದ ಕಪ್ಪೆಗಳೆಲ್ಲ ಒಮ್ಮೆಲೇ ಒದರತೊಡಗಿದವು. ಡಿಜೆ ಎದುರಿಗೇ ಇತ್ತು, ಊರಿನ ದೀಪವೂ ಎದುರಿಗೇ. ನೀಲಾ ಕಾಲೆತ್ತಿದಳು. ಬಂತು. ಮಣ್ಣು ಹಿಡಿದದ್ದು ಕೆಳಕ್ಕೆ ಮಾತ್ರ.

ರಸ್ತೆಯ ತನಕ ಒಬ್ಬರೂ ಹಿಂತಿರುಗಿ ನೋಡಲಿಲ್ಲ. ಬೈಕು ಹತ್ತುವಾಗ ಈರೇಶ ಒಂದೇ ಮಾತು ಅಂದ. "ಆಯಿಗೆ ಹೇಳೂದ ಬ್ಯಾಡ." ಇಬ್ಬರೂ ಹೂಂ ಅಂದರು.

ಮುಂಜಾನೆ ಅಕ್ಕಿಕಾಳು ಬಿತ್ತು. ನೀಲಾ ಹಂದರದಲ್ಲಿದ್ದಳು. ಜಹೀರ್ ಒಂದೂ ಬಿಡದೆ ತೆಗೆದ, ಆದರೆ ಇಡೀ ದಿನ ಯಾರಿಗೂ "ಇನ್ನೊಂದ್ ಸಲ" ಅನ್ನಲಿಲ್ಲ. ದೊಡ್ಡ ಪರದೆಯ ಮೇಲೆ ಬರೇ ಇಬ್ಬರ ಹೆಸರು ಓಡಿತು. ವಿಡಿಯೋ ಎಲ್ಲಿ ಅಂತ ಗೆಳತಿಯರು ಕೇಳಿದರೆ ನೀಲಾ ಮಳೆಯ ಮೇಲೆ ಹಾಕಿದಳು.

ಊಟದ ಪಂಕ್ತಿಯಲ್ಲಿ ನಾನು ಭರಮಪ್ಪನ ಬಾಜು ಕೂತಿದ್ದೆ. ಈರೇಶ ಹೋಳಿಗೆ ಬಡಿಸುತ್ತ ಬಂದ. ಭರಮಪ್ಪ ಅವನನ್ನು ತಡೆದು ಕೇಳಿದ.

"ನಿನ್ನಿ ಸಂಜಿಕ ನನ್ನ ಹೊಲಕ್ಕ ಎಷ್ಟ ಮಂದಿ ಹೋಗಿದ್ರಿ?"

"ಮೂರ ಮಂದಿ ಕಾಕಾ."

"ಮತ್ತ ರಸ್ತಿ ದಂಡಿಗೆ ನಾಕ ಮಂದಿ ಕಾಲ ಕೆರದೀರಲ್ಲೋ."

ಎರಿ ಹೊಲದಿಂದ ಟಾರು ರಸ್ತೆಗೆ ಹತ್ತುವಾಗ ಎಲ್ಲರೂ ಕಲ್ಲಿಗೆ ಕಾಲು ತಿಕ್ಕಿ ಮಣ್ಣು ಕೆಡವುತ್ತಾರೆ. ಅಂಗಾಲಿನ ಅಳತೆಯ ಹೆಂಟೆ ಬೀಳುತ್ತದೆ. ಈರೇಶ ಮುಂದಿನ ಎಲೆಗೆ ಹೋದ. ಅವನ ಮೋರೆ ನೋಡಿ ನಾನು ಅರ್ಧಕ್ಕೆ ಎದ್ದೆ. ಗಾಡಿ ತೆಗೆದುಕೊಂಡು ಹೋಗಿ ನೋಡಿದೆ. ನೀಲಾ ನನಗೆ ಎಲ್ಲ ಹೇಳಿದ್ದು ಆಮೇಲೆ, ನಾನು ನೋಡಿ ಬಂದೆ ಎಂದು ತಿಳಿದ ಮೇಲೆ.

ಮೂರು ಜೋಡಿ ಚಪ್ಪಲಿಯ ಹೆಂಟೆ ಇದ್ದವು. ನೆತ್ತಿಯ ಬಿಸಿಲಿಗೆ ಒಣಗಿ ಸೀಳಿದ್ದವು. ಅವುಗಳ ಬಾಜು ಒಂದು ಜೋಡಿ ಬರಿಗಾಲಿನದು. ಸಣ್ಣದು, ಐದೂ ಬೆರಳು ಮೂಡಿದ್ದವು.

ಅದು ಇನ್ನೂ ಹಸಿ ಇತ್ತು. ಬೆರಳಿನಿಂದ ಮುಟ್ಟಿ ನೋಡಿ ಹೇಳುತ್ತಿದ್ದೇನೆ.