ಹಾಜರಿ ಹಾಳೆಯ ಮೇಲರ್ಧ

ಅಂಕಪಟ್ಟಿಯ ತಿದ್ದುಪಡಿಗೆಂದು ಬಂದು ಕುಲಪತಿಗಳ ಕಚೇರಿಯ ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಸಲಹಾ ಮಂಡಳಿಯ ಸಭೆಗೆ ಬಂದ ಪ್ರಾಧ್ಯಾಪಕಿಯೊಬ್ಬರು ಬಾಗಿಲಲ್ಲೇ ನಿಂತು ಗುಮಾಸ್ತರನ್ನು ತರಾಟೆಗೆ ತೆಗೆದುಕೊಂಡರು.

“ಹೆಣ್ಣುಮಕ್ಕಳ ಹಾಸ್ಟೆಲ್ ಮುಚ್ಚಬಾರದು ಅಂತ ಹೋದ ಸಭೇಲಿ ಗಂಟಲು ಹರ್ಕೊಂಡೆ. ನಡಾವಳೀಲಿ ನೋಡಿದ್ರೆ ‘ಸರ್ವಾನುಮತದಿಂದ ಒಪ್ಪಲಾಯಿತು’ ಅಂತಿದೆಯಲ್ರೀ!”

“ಕೆಳಗೆ ನಿಮ್ಮ ಸಹೀನೂ ಇದೆಯಲ್ಲ ಮೇಡಂ.”

“ಅದು ಇದೇ ಬಾಗಿಲಲ್ಲಿ ಹಾಕಿದ ಹಾಜರಿ ಸಹಿ. ಆಗ ಸಭೆ ಶುರುವೇ ಆಗಿರ್ಲಿಲ್ಲ.”

“ಹೇಳಿದ್ದನ್ನ ಟೈಪ್ ಮಾಡೋನು ನಾನು.”

“ಹೇಳಿದ್ದು ಯಾರು?”

“ಅದನ್ನ ಒಳಗೆ ಕೇಳಿ. ಅತ್ತೆ ಮೇಲಿನ ಕೋಪಾನ ಕೊತ್ತಿ ಮೇಲೆ ತೋರಿಸ್ಬೇಡಿ.”

“ಕಣ್ಣು ಮುಚ್ಕೊಂಡು ಹಾಲು ಕುಡಿಯೋ ಕೊತ್ತಿ ಕಣ್ರೀ ನೀವು.”

“ಹೊತ್ತಾಯ್ತು. ಇವತ್ತಿನ ಸಹಿ ಹಾಕಿ.”

“ಹಾಕ್ದೇ ಇದ್ರೆ?”

“ಗೈರುಹಾಜರಿ ಅಂತ ಬರ್ಕೋತೀನಿ. ಆಮೇಲೆ ಒಳಗೆ ನೀವೆಷ್ಟು ಕೂಗಿದ್ರೂ ಲೆಕ್ಕಕ್ಕಿಲ್ಲ.”

“ಕೊಡಿ ಇಲ್ಲಿ.”

ಹಾಳೆಯ ಮೇಲರ್ಧ ಖಾಲಿಯಿತ್ತು. ಆಗಲೇ ಬಿದ್ದಿದ್ದ ಐದಾರು ಸಹಿಗಳೆಲ್ಲ ಕೆಳಗಿನ ಅರ್ಧದಲ್ಲಿದ್ದವು. ಆಕೆ ಆ ಖಾಲಿ ಜಾಗಕ್ಕೆ ಮೂಲೆಯಿಂದ ಮೂಲೆಗೆ ಒಂದು ಗೆರೆ ಎಳೆದು, ಆಮೇಲೆ ಸಹಿ ಹಾಕಿದರು.

“ಅಯ್ಯೋ, ಏನ್ ಮಾಡಿಬಿಟ್ರಿ ಮೇಡಂ! ಆ ಜಾಗ ಬೇಕಿತ್ತು!”

“ಹಾಜರಿ ಹಾಳೇಲಿ ಅಷ್ಟು ಜಾಗ ಯಾತಕ್ಕೆ ಬೇಕಿತ್ತು?”

ಗುಮಾಸ್ತರು ಹಾಳೆಗೆ ಕೈ ಚಾಚಿದರು, ಆಕೆ ಕೊಡಲಿಲ್ಲ.

“ಬಿಡಿ, ನೀವೇ ಹೇಳಿದ್ರಲ್ಲ. ಒಳಗೆ ಕೇಳ್ತೀನಿ,” ಎಂದು ಹಾಳೆಯನ್ನು ಹಿಡಿದುಕೊಂಡೇ ಬಾಗಿಲು ತಳ್ಳಿದರು.