ಹದಿನೆಂಟು ನಿಮಿಷ

ಮೂಳೆ ಡಾಕ್ಟರ ಕೋಣೆಯ ಹೊರಗೆ, ಊದಿದ ಬೆರಳಿಗೆ ಬಟ್ಟೆ ಸುತ್ತಿಕೊಂಡು ಕೂತಿದ್ದ ದರ್ಜಿಗೆ ಪಕ್ಕದ ಬೆಂಚಿನ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ತಾಯಿ ಹೋಟೆಲಿನ ರೂಮು ಗುಡಿಸಿ ಒರೆಸುವವಳು, ಸೊಂಟಕ್ಕೆ ಬೆಲ್ಟು. ಮಗಳು ಹೋಟೆಲ್ ಮ್ಯಾನೇಜ್‌ಮೆಂಟಿನಲ್ಲಿ ಸ್ನಾತಕೋತ್ತರ ಮುಗಿಸಿದವಳು.

“ಈಗ ಎಲ್ಲರಿಗೂ ರೂಮಿಗೆ ಹದಿನೆಂಟೇ ನಿಮಿಷಾನಾ ಅಮ್ಮ?”

“ಎಲ್ಲರಿಗೂ. ನಿನ್ನ ಪ್ರಾಜೆಕ್ಟ್ ಪುಸ್ತಕ ಮ್ಯಾನೇಜರ್ ಮೇಜಿನ ಮೇಲೇ ಇದೆ, ಕೇಳಿದ್ರೆ ಅದನ್ನೇ ತೋರಿಸ್ತಾರೆ.”

“ನೀನು ಮಾಡಿದ್ದನ್ನೇ ಬರೆದೆ. ನಾನೇ ವಾಚ್ ಹಿಡ್ಕೊಂಡು ಬಾಗಿಲಲ್ಲೇ ನಿಂತಿದ್ದೆನಲ್ಲ.”

“ಹೂಂ.”

“ದಿನಾ ಒಂದು ರೂಮಿಗೆ ಎಷ್ಟು ಹೊತ್ತು ಹಿಡೀತಿತ್ತು?”

“ಅರ್ಧ ಗಂಟೆ.”

“ಮತ್ತೆ ಅವತ್ತು?”

“ಅವತ್ತು ನೀನು ನೋಡ್ತಿದ್ದೆ. ಇಪ್ಪತ್ತು ವರ್ಷದಲ್ಲಿ ನನ್ನ ಕೆಲಸಾನ ಯಾರೂ ನಿಂತು ನೋಡಿರಲಿಲ್ಲ ಕಣೇ. ಕಾಲಿಗೆ ಚಕ್ರ ಕಟ್ಕೊಂಡೋಳ ಹಾಗೆ ಓಡಾಡ್ಬಿಟ್ಟೆ. ನಿನಗೆ ಒಳ್ಳೆ ಮಾರ್ಕ್ಸ್ ಬರ್ಲಿ ಅಂತ.”

“ಬಂತು.”

ದರ್ಜಿ ನೆಲ ನೋಡಿದ.

“ಆ ಲೆಕ್ಕ ತಪ್ಪು ಅಂತ ಬರೆದುಕೊಡ್ಲಾ ಅಮ್ಮ?”

“ಕೊಟ್ರೆ ನಿನ್ನ ಡಿಗ್ರಿ ಉಳಿಯುತ್ತಾ?”

ಮಗಳು ತಾಯಿಯ ಬೆಲ್ಟು ಸರಿಮಾಡುತ್ತಾ ಕೇಳಿದಳು:

“ಜೊತೆಯವರಿಗೆ ಗೊತ್ತಾ, ಬರೆದಿದ್ದು ನಾನು ಅಂತ?”

“ಯಾವ ಬಾಯಲ್ಲಿ ಹೇಳಲಿ? ಆಗಲೇ ಇಬ್ಬರು ಹಾಸಿಗೆ ಹಿಡಿದಿದಾರೆ. ಯಾರೋ ಓದಿದೋಳಂತೆ, ಅವಳ ಮನೆ ಹಾಳಾಗ ಅಂತ ದಿನಾ ಶಾಪ ಹಾಕ್ತಾರೆ. ನಾನೂ ಕೂತ್ಕೊಂಡು ಹೂಂಗುಟ್ತೀನಿ.”

ನರ್ಸು ಕರೆದಳು. ಮಗಳು ತಾಯಿಯ ತೋಳು ಹಿಡಿದು ಎಬ್ಬಿಸಿದಳು.

“ನಿಧಾನ ಅಮ್ಮ, ನಿಧಾನ.”

“ಈ ಮಾತು ಅವತ್ತು ಹೇಳ್ಬಾರ್ದಿತ್ತೇನೇ,” ಎಂದಳು ತಾಯಿ. ಬಾಗಿಲು ಮುಚ್ಚಿಕೊಂಡಿತು.